404 ಬಂದರೂ ದೋಷವೆನ್ನದ ಫೆಚ್: ನನ್ನ ಅನುಭವ
ಸರ್ವರ್‌ನಿಂದ ಮಾಹಿತಿ ತರುವ ಜಾವಾಸ್ಕ್ರಿಪ್ಟ್‌ನ ಫೆಚ್ ಬಳಸಿ, ಪುಸ್ತಕಗಳ ಪಟ್ಟಿಯನ್ನು ತರಲು ಬರೆದ ಪುಟದಲ್ಲಿ ವಿಳಾಸದ ಒಂದಕ್ಷರ ತಪ್ಪಿತ್ತು. ಆದರೆ ದೋಷಗಳನ್ನು ಹಿಡಿಯುವ ಕ್ಯಾಚ್ ಭಾಗದಲ್ಲಿ ನಾನು ನಿರೀಕ್ಷಿಸಿದ 404 (ಕೇಳಿದ್ದು ಸಿಗಲಿಲ್ಲ) ದೋಷದ ಬದಲು, ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಜೋಡಿಸಿ ಕಳಿಸುವ ರೂಪ) ಓದಲಾಗಲಿಲ್ಲವೆಂಬ ದೂರಷ್ಟೇ ಕಾಣಿಸುತ್ತಿತ್ತು. ಎರಡು ಸಂಜೆ ಜೇಸನ್‌ನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಾಗ, ಬಂದಿದ್ದ ಉತ್ತರವು 404 ಸಂಕೇತ ಹೊತ್ತ ಎಚ್‌ಟಿಎಂಎಲ್ ಪುಟವೆಂದೂ, ಅದರ ಮೊದಲ ಅಕ್ಷರದಲ್ಲೇ ಜೇಸನ್ ಓದುವಿಕೆ ಮುಗ್ಗರಿಸುತ್ತಿತ್ತೆಂದೂ ತಿಳಿಯಿತು.

ಸಂಪರ್ಕ ಕಡಿದಾಗಲೋ ಕಾರ್ಸ್ ನಿಯಮ (ಬೇರೆ ತಾಣದ ಮಾಹಿತಿ ಓದಲು ಬ್ರೌಸರ್ ಹಾಕುವ ಮಿತಿ) ತಡೆದಾಗಲೋ ಫೆಚ್‌ನ ಪ್ರಾಮಿಸ್, ಅಂದರೆ ಮುಂದೆ ಬರಲಿರುವ ಫಲಿತಾಂಶವನ್ನು ಪ್ರತಿನಿಧಿಸುವ ವಸ್ತು, ವಿಫಲವಾಗುತ್ತದೆಯೇ ಹೊರತು, ಸರ್ವರ್ 404 ಅಥವಾ 500 (ಸರ್ವರ್‌ನ ಒಳದೋಷ) ಎಂದು ಉತ್ತರಿಸಿದರೆ ಅಲ್ಲ. ಉತ್ತರ ಬಂತೆಂಬುದೇ ಅದಕ್ಕೆ ಸಾಕು. ಈ ಉದಾರತೆ ಹೊಸಬರಿಗೆ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದ್ದರಿಂದ ಜೇಸನ್ ಓದುವ ಮೊದಲು ರೆಸ್ಪಾನ್ಸ್‌ನ (ಬಂದ ಉತ್ತರದ) ‘ಓಕೆ’ಯನ್ನು, ಅಂದರೆ ಸಂಕೇತ 200ರಿಂದ 299ರೊಳಗಿದೆಯೇ ಎಂಬುದನ್ನು ಪರೀಕ್ಷಿಸಿ, ಇಲ್ಲದಿದ್ದರೆ ನಾನೇ ದೋಷವನ್ನು ಎಸೆಯುವ ಸಾಲೊಂದನ್ನು ಸೇರಿಸಿದೆ.