ಮುದ್ರಿಸಿದ ಬಿಡಿಭಾಗಗಳಿಂದ ಮಾದರಿ ರೈಲು ಎಂಜಿನ್ ಕಟ್ಟುವುದು ಹೇಗೆ?

ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ಮಾದರಿ ರೈಲು ಎಂಜಿನ್‌ಗಳಲ್ಲಿ ಹೆಚ್ಚಿನವು ಹೆಸರುವಾಸಿ ಎಂಜಿನ್‌ಗಳ ಪ್ರತಿರೂಪಗಳೇ ಆಗಿರುತ್ತವೆ. ಬೆರಳೆಣಿಕೆಯಷ್ಟು ಮಾತ್ರ ತಯಾರಾದ ಶಂಟಿಂಗ್ ಎಂಜಿನ್, ಕಾರ್ಖಾನೆಯ ಆವರಣದೊಳಗಷ್ಟೇ ಓಡಾಡಿದ ನ್ಯಾರೋಗೇಜ್ ಎಂಜಿನ್, ಇಲ್ಲವೇ ಪೂರ್ತಿಯಾಗಿ ಸ್ವಂತ ಕಲ್ಪನೆಯ ಎಂಜಿನ್ ಬೇಕೆಂದರೆ ಅದನ್ನು ನಾವೇ ಕಟ್ಟಿಕೊಳ್ಳಬೇಕು. ಹಿತ್ತಾಳೆ ತಗಡನ್ನು ಕತ್ತರಿಸಿ ಬೆಸೆಯುವ, ಪ್ಲಾಸ್ಟಿಕ್ ಹಾಳೆಯನ್ನು ಕೊರೆದು ಅಂಟಿಸುವ ಕೆಲಸದ ದೊಡ್ಡ ಪಾಲನ್ನು ಈಗ ಮೇಜಿನ ಮೇಲೆ ಕೂರುವ ತ್ರೀಡಿ ಪ್ರಿಂಟರ್ ವಹಿಸಿಕೊಳ್ಳಬಲ್ಲದು. ಆದರೆ ಎಂಜಿನ್ ಚೆನ್ನಾಗಿ ಓಡುವುದೋ ಇಲ್ಲವೋ ಎಂಬುದು ಪ್ರಿಂಟರ್‌ಗಿಂತ ಹೆಚ್ಚಾಗಿ, ಏನನ್ನು ಮುದ್ರಿಸಬೇಕು ಮತ್ತು ಏನನ್ನು ಮುದ್ರಿಸಬಾರದು ಎಂದು ನಾವು ಮೊದಲೇ ಮಾಡಿಕೊಳ್ಳುವ ತೀರ್ಮಾನವನ್ನು ಅವಲಂಬಿಸಿದೆ.

ಮೊದಲು ಚಾಸಿ, ಆಮೇಲೆ ಕವಚ

ಹೊಸಬರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಹೊರಕವಚದಿಂದ ಕೆಲಸ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಗಾಲಿಗಳಿಂದ. ಮಾದರಿ ಎಂಜಿನ್‌ನ ಗಾಲಿಗಳು ಹಳಿಯಿಂದ ವಿದ್ಯುತ್ತನ್ನು ಎತ್ತಿಕೊಳ್ಳಬೇಕಾದ್ದರಿಂದ ಅವು ಲೋಹದವೇ ಆಗಿರಬೇಕು. ಒಂದೇ ಅಚ್ಚಿನ (ಆಕ್ಸಲ್) ಎರಡು ಗಾಲಿಗಳ ನಡುವೆ ವಿದ್ಯುತ್ ಹರಿಯದಂತೆ ತಡೆ ಇರಬೇಕು. ಜೊತೆಗೆ ಅವು ಕೂದಲೆಳೆಯಷ್ಟೂ ಸೊಟ್ಟಗಿಲ್ಲದೆ ದುಂಡಗಿರಬೇಕು. ಗಾಲಿ, ಅಚ್ಚು, ಗೇರ್ ಮತ್ತು ಮೋಟಾರುಗಳನ್ನು ಮುದ್ರಿಸುವ ಗೊಡವೆಗೆ ಹೋಗದೆ, ಚೆನ್ನಾಗಿ ಓಡುವ ಹಳೆಯ ಮಾದರಿಯೊಂದರ ಚಾಸಿಯನ್ನು, ಅಂದರೆ ಗಾಲಿ, ಮೋಟಾರುಗಳನ್ನು ಹೊತ್ತ ತಳಚೌಕಟ್ಟನ್ನು, ಇಡಿಯಾಗಿ ಬಳಸಿಕೊಳ್ಳುವುದೇ ಮೊದಲ ಎಂಜಿನ್‌ಗೆ ಸರಿಯಾದ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಹಬೆ ಎಂಜಿನ್‌ಗಳ ಆಕರ್ಷಣೆ ಎಷ್ಟೇ ಇದ್ದರೂ ಅವುಗಳನ್ನು ಮುಂದಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಅವುಗಳ ಎಡ ಮತ್ತು ಬಲ ಗಾಲಿಗಳ ಕ್ರ್ಯಾಂಕ್‌ಗಳು ಪರಸ್ಪರ 90 ಡಿಗ್ರಿ ಕೋನದಲ್ಲಿರಬೇಕು, ಎಲ್ಲ ಅಚ್ಚುಗಳಲ್ಲೂ ಆ ಕೋನ ಒಂದೇ ಆಗಿರಬೇಕು; ಸ್ವಲ್ಪ ತಪ್ಪಿದರೂ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಸರಳುಗಳು ಬಿಗಿದುಕೊಳ್ಳುತ್ತವೆ.

ಚಾಸಿಯ ಆಯ್ಕೆಗೆ ಲೆಕ್ಕ ಬೇಕು. ಬಹಳ ಬಳಕೆಯಲ್ಲಿರುವ ಎಚ್‌ಒ ಪ್ರಮಾಣದಲ್ಲಿ ನಿಜವಾದ ಅಳತೆಯನ್ನು 87ರಿಂದ ಭಾಗಿಸಿದರೆ ಮಾದರಿಯ ಅಳತೆ ಸಿಗುತ್ತದೆ. 1,435 ಮಿ.ಮೀ. ಅಗಲದ ಸ್ಟ್ಯಾಂಡರ್ಡ್ ಗೇಜ್ ಹಳಿ ಹೀಗೆ 16.5 ಮಿ.ಮೀ. ಆಗುತ್ತದೆ, 1,100 ಮಿ.ಮೀ. ವ್ಯಾಸದ ಗಾಲಿ ಸುಮಾರು 12.6 ಮಿ.ಮೀ.ಗೆ ಇಳಿಯುತ್ತದೆ. ಕಟ್ಟಬೇಕೆಂದಿರುವ ಎಂಜಿನ್‌ನ ನಕ್ಷೆಯಿಂದ ಅಚ್ಚುಗಳ ನಡುವಿನ ಅಂತರ, ಬೋಗಿಗಳ (ಎಂಜಿನ್‌ನ ಕೆಳಗೆ ತಿರುಗುವ ಗಾಲಿ ಚೌಕಟ್ಟುಗಳ) ಕೇಂದ್ರಗಳ ನಡುವಿನ ಅಂತರ ಮತ್ತು ಗಾಲಿಯ ವ್ಯಾಸಗಳನ್ನು ಹೀಗೆ ಇಳಿಸಿ ಬರೆದುಕೊಂಡು, ಅವುಗಳಿಗೆ ಹತ್ತಿರವಾದ ಚಾಸಿಯನ್ನು ಹುಡುಕಬೇಕು. ಎಲ್ಲ ಅಳತೆಗಳೂ ಕರಾರುವಾಕ್ಕಾಗಿ ಹೊಂದುವ ಚಾಸಿ ಸಿಗುವುದು ಅಪರೂಪ. ಅಚ್ಚುಗಳ ಅಂತರದಲ್ಲಿ 1 ಮಿ.ಮೀ., ಗಾಲಿಯಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವನ್ನು ನೋಡುವವರ ಕಣ್ಣು ಗುರುತಿಸುವುದಿಲ್ಲ. ಆದರೆ ಮೋಟಾರು ಎತ್ತರವಾಗಿದೆ ಎಂಬ ಕಾರಣಕ್ಕೆ ಬಾನೆಟ್ಟನ್ನು ಎತ್ತರಿಸಿದರೆ ಎಂಜಿನ್‌ನ ಚಹರೆಯೇ ಬದಲಾಗಿಬಿಡುತ್ತದೆ. ಅಂತಹ ಚಾಸಿಯನ್ನು ಬಿಟ್ಟು ಬೇರೆಯದನ್ನು ಹುಡುಕುವುದೇ ಲೇಸು.

ನ್ಯಾರೋಗೇಜ್ ಪ್ರಿಯರಿಗೆ ಇಲ್ಲೊಂದು ಅನುಕೂಲವಿದೆ. ಎಚ್‌ಒಗಿಂತ ಚಿಕ್ಕದಾದ ಎನ್ ಪ್ರಮಾಣದ ಮಾದರಿಗಳು 9 ಮಿ.ಮೀ. ಹಳಿಯ ಮೇಲೆ ಓಡುತ್ತವೆ. ಅದೇ 9 ಮಿ.ಮೀ.ಯನ್ನು 87ರಿಂದ ಗುಣಿಸಿದರೆ 783 ಮಿ.ಮೀ. ಆಗುತ್ತದೆ, ಇದು ನಿಜವಾದ 762 ಮಿ.ಮೀ. ನ್ಯಾರೋಗೇಜ್‌ಗೆ ಎಷ್ಟು ಹತ್ತಿರವೆಂದರೆ, ಮಾದರಿಯಲ್ಲಿ ವ್ಯತ್ಯಾಸ ಕಾಲು ಮಿ.ಮೀ. ಕೂಡ ಇರುವುದಿಲ್ಲ. ಆದ್ದರಿಂದ ಎನ್ ಪ್ರಮಾಣದ ಚಿಕ್ಕ ಚಾಸಿಯ ಮೇಲೆ 1:87 ಪ್ರಮಾಣದ ಕವಚವನ್ನು ಕೂರಿಸಿದರೆ ಸೊಗಸಾದ ನ್ಯಾರೋಗೇಜ್ ಎಂಜಿನ್ ಸಿದ್ಧವಾಗುತ್ತದೆ. ಮುದ್ರಿತ ಕವಚಗಳ ನಿಜವಾದ ಉಪಯೋಗ ಕಾಣುವುದು ಇಂತಹ ಕಡೆಯೇ.

ಅಳತೆ ಮತ್ತು ವಿನ್ಯಾಸ

ಚಾಸಿ ಕೈಗೆ ಬಂದ ಮೇಲೆ ವರ್ನಿಯರ್ ಕ್ಯಾಲಿಪರ್‌ನಿಂದ ಅದರ ಮೂಲೆಮೂಲೆಯನ್ನೂ ಅಳೆಯಬೇಕು: ಹಳಿಯ ಮೇಲ್ಮೈಯಿಂದ ಮೋಟಾರಿನ ನೆತ್ತಿಯವರೆಗಿನ ಎತ್ತರ, ಅತಿ ಅಗಲವಾದ ಭಾಗ, ಸ್ಕ್ರೂ ರಂಧ್ರಗಳ ಜಾಗ, ಕಪ್ಲಿಂಗ್ ಇರುವ ಎತ್ತರ. ಕಂಪ್ಯೂಟರ್‌ನಲ್ಲಿ ಮೊದಲು ಬಿಡಿಸಬೇಕಾದದ್ದು ಈ ಚಾಸಿಯನ್ನೇ. ಫ್ರೀಕ್ಯಾಡ್‌ನಂತಹ ಉಚಿತ ತಂತ್ರಾಂಶ ಇದಕ್ಕೆ ಧಾರಾಳವಾಗಿ ಸಾಕು. ಚಾಸಿಯನ್ನು ಗಟ್ಟಿ ದಿಮ್ಮಿಯಂತೆ ಬಿಡಿಸಿಟ್ಟು, ಅದರ ಸುತ್ತ ಎಲ್ಲ ಕಡೆಯೂ 0.3 ಮಿ.ಮೀ.ಯಷ್ಟು ಸಡಿಲ ಬಿಟ್ಟು ಕವಚವನ್ನು ಕಟ್ಟುತ್ತಾ ಹೋದರೆ, ಮುದ್ರಿಸಿದ ಮೇಲೆ ಒಳಗೆ ಉಜ್ಜಿ ಉಜ್ಜಿ ಜಾಗ ಮಾಡುವ ಪಾಡು ತಪ್ಪುತ್ತದೆ.

ಗೋಡೆಯ ದಪ್ಪ 1 ಮಿ.ಮೀ.ಗಿಂತ ಕಡಿಮೆಯಾದರೆ ಉದ್ದನೆಯ ಪಕ್ಕಗಳು ಬಾಗುತ್ತವೆ. ಕಿಟಕಿಯ ಅಂಚಿನಲ್ಲಿ ಮಾತ್ರ ಒಳಗಿನಿಂದ ಗೋಡೆಯನ್ನು ತೆಳುವಾಗಿಸಬೇಕು, ಇಲ್ಲವಾದರೆ ಕ್ಯಾಬ್ ಕೋಟೆಯ ಗೋಡೆಯಂತೆ ದಪ್ಪನಾಗಿ ಕಾಣುತ್ತದೆ. ಕ್ಯಾಬ್, ಚಾವಣಿ ಮತ್ತು ಬಾನೆಟ್‌ಗಳನ್ನು ಬೇರೆ ಬೇರೆ ತುಂಡುಗಳಾಗಿ ವಿನ್ಯಾಸಗೊಳಿಸುವುದು ಉತ್ತಮ. ಒಳಭಾಗಕ್ಕೆ ಬಣ್ಣ ಹಚ್ಚಲು, ಕಿಟಕಿಗೆ ಪಾರದರ್ಶಕ ಹಾಳೆ ಅಂಟಿಸಲು ಇದರಿಂದ ಕೈಯಾಡುತ್ತದೆ. ಹಿಡಿಕಂಬಿಗಳನ್ನು ಮಾತ್ರ ಮುದ್ರಿಸಬೇಡಿ. ಅಷ್ಟು ಸಪೂರವಾದ ಪ್ಲಾಸ್ಟಿಕ್ ಮೊದಲ ಸಲ ಕೈಗೆತ್ತಿಕೊಂಡಾಗಲೇ ಮುರಿಯುತ್ತದೆ. ಅವುಗಳ ಜಾಗದಲ್ಲಿ ಚಿಕ್ಕ ಗುಳಿಗಳನ್ನಷ್ಟೇ ಗುರುತಿಸಿ, ಆಮೇಲೆ ಕೊರೆದು 0.4 ಮಿ.ಮೀ. ಹಿತ್ತಾಳೆ ತಂತಿಯನ್ನು ಬಾಗಿಸಿ ಕೂರಿಸಬೇಕು.

ಬೋಗಿಗಳಿರುವ ಎಂಜಿನ್ ಆದರೆ ಅವು ತಿರುವಿನಲ್ಲಿ ತಿರುಗಲು ಜಾಗ ಬೇಕು. ಬೋಗಿ ಕೇಂದ್ರಗಳ ನಡುವೆ 120 ಮಿ.ಮೀ. ಅಂತರವಿರುವ ಎಂಜಿನ್ 450 ಮಿ.ಮೀ. ತ್ರಿಜ್ಯದ ತಿರುವಿಗೆ ಬಂದಾಗ ಪ್ರತಿ ಬೋಗಿಯೂ ಸುಮಾರು 8 ಡಿಗ್ರಿ ಹೊರಳುತ್ತದೆ. ಹಳಿಯ ಏರಿಳಿತವನ್ನೂ ಗಣನೆಗೆ ತೆಗೆದುಕೊಂಡು 10 ಡಿಗ್ರಿಗೆ ವಿನ್ಯಾಸ ಮಾಡಿದರೆ ನಿಶ್ಚಿಂತೆ. ಮೆಟ್ಟಿಲು ಮತ್ತು ಇಂಧನ ಟ್ಯಾಂಕಿನ ಅಂಚುಗಳಿಗೆ ಬೋಗಿ ತಾಗುತ್ತದೆಯೇ ಎಂಬುದನ್ನು ಪರದೆಯ ಮೇಲೆಯೇ ಬೋಗಿಯನ್ನು ತಿರುಗಿಸಿ ನೋಡಿಕೊಳ್ಳಬೇಕು.

ಮುದ್ರಣ

ಮಾದರಿ ಎಂಜಿನ್‌ನ ಕವಚಕ್ಕೆ ರೆಸಿನ್ ಪ್ರಿಂಟರ್ ಏಕೆ ಬೇಕು ಎಂಬುದು ಒಂದು ರಿವೆಟ್ಟಿನಿಂದ ಗೊತ್ತಾಗುತ್ತದೆ. ನಿಜವಾದ ಎಂಜಿನ್‌ನಲ್ಲಿ 25 ಮಿ.ಮೀ. ಅಗಲವಿರುವ ರಿವೆಟ್ಟಿನ ತಲೆ 1:87 ಪ್ರಮಾಣದಲ್ಲಿ 0.29 ಮಿ.ಮೀ. ಆಗುತ್ತದೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಮುದ್ರಿಸುವ ಯಂತ್ರದ ನಳಿಕೆಯ ರಂಧ್ರವೇ ಸಾಮಾನ್ಯವಾಗಿ 0.4 ಮಿ.ಮೀ. ಇರುವುದರಿಂದ ಅದು ಈ ರಿವೆಟ್ಟನ್ನು ಮೂಡಿಸಲಾರದು. ದ್ರವ ರೆಸಿನ್ನನ್ನು ಬೆಳಕಿನಿಂದ ಗಟ್ಟಿಯಾಗಿಸುವ ಪ್ರಿಂಟರ್‌ನಲ್ಲಿ ಒಂದು ಪಿಕ್ಸೆಲ್ 0.05 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕದಾಗಿರುತ್ತದೆ. ರಿವೆಟ್ಟಿನ ತಲೆಗೆ ಐದಾರು ಪಿಕ್ಸೆಲ್‌ಗಳು ಸಿಗುತ್ತವೆ, ಅದು ದುಂಡಗೆ ಮೂಡುತ್ತದೆ. ಕವಚವನ್ನು ಚಾಸಿಗೆ ಜೋಡಿಸುವ ಅಡ್ಡಪಟ್ಟಿ, ಮೋಟಾರಿನ ತೊಟ್ಟಿಲು ಮುಂತಾದ ಕಾಣದ ಭಾಗಗಳಿಗೆ ಎಳೆ ಕರಗಿಸುವ ಪ್ರಿಂಟರನ್ನು ಬಳಸಬಹುದು. ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುವ ಪಿಎಲ್‌ಎ ಪ್ಲಾಸ್ಟಿಕ್ ಮೋಟಾರಿನ ಪಕ್ಕದಲ್ಲಿ ಬೇಡ, ಅಲ್ಲಿಗೆ ಪಿಇಟಿಜಿ ಅಥವಾ ಎಬಿಎಸ್ ಇರಲಿ.

ಇಡೀ ಕವಚವನ್ನು ಒಮ್ಮೆಲೇ ಮುದ್ರಿಸಲು ಹೊರಡಬಾರದು. ಮೋಟಾರು ಅತಿ ಅಗಲವಾಗಿರುವ ಜಾಗದಿಂದ 10 ಮಿ.ಮೀ. ಉದ್ದದ ಒಂದು ಹೋಳನ್ನು ಮಾತ್ರ ಮುದ್ರಿಸಿ, ಚಾಸಿಯ ಮೇಲೆ ಕೂರಿಸಿ ನೋಡಿ. ಅದು ಒತ್ತಡವಿಲ್ಲದೆ ಇಳಿದರೆ, ಗಾಲಿಗಳು ಮೊದಲಿನಂತೆಯೇ ಸಲೀಸಾಗಿ ತಿರುಗಿದರೆ ಮುಂದುವರಿಯಬಹುದು.

ಮುದ್ರಿಸುವಾಗ ಕವಚವನ್ನು 30ರಿಂದ 45 ಡಿಗ್ರಿ ಓರೆಯಾಗಿ ಇಟ್ಟು, ಆಧಾರದ ಕಡ್ಡಿಗಳೆಲ್ಲ ಒಳಮೈಗೆ ಮಾತ್ರ ಅಂಟುವಂತೆ ನೋಡಿಕೊಳ್ಳಬೇಕು. ಕಡ್ಡಿ ಮುರಿದ ಕಡೆಯೆಲ್ಲ ಕಲೆ ಉಳಿಯುತ್ತದೆ, ಹೊರಮೈಯಲ್ಲಿ ಅದನ್ನು ಉಜ್ಜಲು ಹೋದರೆ ಪಕ್ಕದ ರಿವೆಟ್ಟುಗಳೂ ಸವೆದುಹೋಗುತ್ತವೆ. ಮುದ್ರಣ ಮುಗಿದ ಕವಚವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕಡ್ಡಿಗಳನ್ನು ಬಿಡಿಸಿದ ನಂತರವೇ ಅತಿನೇರಳೆ ಬೆಳಕಿನಲ್ಲಿ ಹದಗೊಳಿಸಬೇಕು. ಹದ ಮೀರಿದರೆ ಕವಚ ಪೆಡಸಾಗಿ ಬಿರುಕು ಬಿಡುತ್ತದೆ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಒಗ್ಗುವುದಿಲ್ಲ, ಹಲವರಲ್ಲಿ ಅಲರ್ಜಿಯನ್ನು ಉಂಟುಮಾಡುತ್ತದೆ. ನೈಟ್ರೈಲ್ ಕೈಗವಸು ಮತ್ತು ಗಾಳಿಯಾಡುವ ಕೋಣೆ ಎರಡೂ ಕಡ್ಡಾಯ. ತೊಳೆದ ಆಲ್ಕೋಹಾಲನ್ನು ಚರಂಡಿಗೆ ಸುರಿಯಬಾರದು.

ಜೋಡಣೆ ಮತ್ತು ವಿದ್ಯುತ್

ಮುದ್ರಿತ ರಂಧ್ರಗಳು ವಿನ್ಯಾಸದಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಕಿರಿದಾಗಿಯೇ ಬರುತ್ತವೆ. ಕೈ ಡ್ರಿಲ್‌ನಿಂದ ನಿಧಾನವಾಗಿ ಅವುಗಳನ್ನು ಸರಿಪಡಿಸಿಕೊಳ್ಳಬೇಕು. ಎಂ2 ಸ್ಕ್ರೂಗೆ 1.6 ಮಿ.ಮೀ. ರಂಧ್ರ ಕೊರೆದು ಒಳಗೆ ತಿರುಪಿನ ಮರೆ (ಥ್ರೆಡ್) ಹಾಕಿದರೆ ಸಾಕು. ರೆಸಿನ್ ಕವಚ ಹಗುರವಾದ್ದರಿಂದ ಎಂಜಿನ್‌ಗೆ ಎಳೆಯುವ ಶಕ್ತಿ ಬರಲು ಸೀಸ ಅಥವಾ ಟಂಗ್‌ಸ್ಟನ್ ತೂಕ ಸೇರಿಸಬೇಕು, ಆ ತೂಕ ಚಾಲಕ ಗಾಲಿಗಳ ಮೇಲೆ ಸಮನಾಗಿ ಬೀಳಬೇಕು.

ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆದೇಶವನ್ನು ಓದಿ ಮೋಟಾರನ್ನು ನಡೆಸುವ ಚಿಕ್ಕ ಸರ್ಕ್ಯೂಟ್) ಅಳವಡಿಸುವವರು ಒಂದು ಪರೀಕ್ಷೆಯನ್ನು ಎಂದೂ ಬಿಡಬಾರದು. ಹಳೆಯ ಚಾಸಿಗಳಲ್ಲಿ ಮೋಟಾರಿನ ಒಂದು ಬ್ರಷ್ ನೇರವಾಗಿ ಲೋಹದ ಚೌಕಟ್ಟಿಗೆ, ಅಲ್ಲಿಂದ ಹಳಿಗೆ ಸೇರಿಕೊಂಡಿರುತ್ತದೆ. ಆ ಸಂಪರ್ಕ ಉಳಿದರೆ ಡಿಕೋಡರ್ ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು. ಮೋಟಾರಿನ ಎರಡೂ ತುದಿಗಳಿಂದ ಎಲ್ಲ ಗಾಲಿಗಳಿಗೂ ಮಲ್ಟಿಮೀಟರ್ ಹಿಡಿದು, ಸಂಪರ್ಕ ಇಲ್ಲವೆಂದು ಖಾತ್ರಿ ಮಾಡಿಕೊಂಡ ನಂತರವೇ ಬೆಸುಗೆಗೆ ಕೈ ಹಾಕಬೇಕು. ಡಿಕೋಡರ್‌ನ ಕೆಂಪು ಮತ್ತು ಕಪ್ಪು ತಂತಿಗಳು ಹಳಿಯ ಕಡೆಗೆ, ಕಿತ್ತಳೆ ಮತ್ತು ಬೂದು ತಂತಿಗಳು ಮೋಟಾರಿಗೆ ಹೋಗುತ್ತವೆ. ನೀಲಿ ತಂತಿ ದೀಪಗಳಿಗೆಲ್ಲ ಸಮಾನವಾದ ಧನ ತುದಿ, ಬಿಳಿಯದು ಮುಂದಿನ ದೀಪಕ್ಕೆ, ಹಳದಿಯದು ಹಿಂದಿನದಕ್ಕೆ. ಪ್ರತಿ ಎಲ್‌ಇಡಿಗೂ 1 ಕಿಲೋ ಓಮ್‌ನಷ್ಟು ರೆಸಿಸ್ಟರ್ ಇರಲಿ.

ಬಣ್ಣ ಮತ್ತು ಓಟ

ಬಣ್ಣಕ್ಕೆ ಮೊದಲು ಕವಚವಿಲ್ಲದ ಚಾಸಿಯನ್ನು, ನಂತರ ಕವಚ ತೊಡಿಸಿದ ಎಂಜಿನ್ನನ್ನು ನಿಮ್ಮಲ್ಲಿರುವ ಅತಿ ಕಿರಿದಾದ ತಿರುವಿನಲ್ಲಿ ಎರಡೂ ದಿಕ್ಕಿಗೆ ಓಡಿಸಿ ನೋಡಬೇಕು. ತಾಗುವ, ಉಜ್ಜುವ ತೊಂದರೆಗಳನ್ನೆಲ್ಲ ಈ ಹಂತದಲ್ಲೇ ನಿವಾರಿಸಿಕೊಳ್ಳುವುದು ಸುಲಭ. ಪದರಗಳ ಗೆರೆ ಕಂಡರೆ 600 ಮತ್ತು 800 ನಂಬರಿನ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, ಬೂದು ಪ್ರೈಮರ್ ಹೊಡೆಯಬೇಕು; ಅದು ಉಳಿದ ಕುಂದುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ದೀಪದ ಬೆಳಕು ಗೋಡೆಯ ಮೂಲಕ ತೂರಿ ಬಾರದಂತೆ ಒಳಮೈಗೆ ಕಪ್ಪು ಬಣ್ಣ ಬೇಕು. ಹೊರಗಿನ ಬಣ್ಣ ಒಣಗಿದ ಮೇಲೆ ಹೊಳಪಿನ ವಾರ್ನಿಶ್, ಅದರ ಮೇಲೆ ಸಂಖ್ಯೆ ಮತ್ತು ಲಾಂಛನಗಳ ಡೆಕಾಲ್ (ಅಂಟುಚಿತ್ರ), ಕೊನೆಗೆ ಮ್ಯಾಟ್ ವಾರ್ನಿಶ್, ಇದೇ ಕ್ರಮದಲ್ಲಿ ಸಾಗಬೇಕು.

ಕೊನೆಯ ಕೆಲಸ ವೇಗವನ್ನು ಹದಕ್ಕೆ ತರುವುದು. ಹೊಸ ಡಿಕೋಡರ್ ಸಾಮಾನ್ಯವಾಗಿ 3ನೇ ವಿಳಾಸಕ್ಕೆ ಸ್ಪಂದಿಸುತ್ತದೆ. ಅದರ ಸೆಟ್ಟಿಂಗ್‌ಗಳನ್ನು ಸಿವಿ ಎಂದು ಕರೆಯುತ್ತಾರೆ; ಸಿವಿ 2ರಲ್ಲಿ ಹೊರಡುವ ವೋಲ್ಟೇಜ್, ಸಿವಿ 3 ಮತ್ತು 4ರಲ್ಲಿ ವೇಗ ಏರುವ ಮತ್ತು ಇಳಿಯುವ ನಿಧಾನ, ಸಿವಿ 5ರಲ್ಲಿ ಗರಿಷ್ಠ ವೇಗವನ್ನು ನಿಗದಿ ಮಾಡಬಹುದು. ಗಂಟೆಗೆ 40 ಕಿ.ಮೀ. ಓಡುವ ಶಂಟಿಂಗ್ ಎಂಜಿನ್ 1:87 ಪ್ರಮಾಣದಲ್ಲಿ 1 ಮೀಟರ್ ಹಳಿಯನ್ನು ದಾಟಲು ಸುಮಾರು 8 ಸೆಕೆಂಡು ತೆಗೆದುಕೊಳ್ಳಬೇಕು. ಹಳಿಯ ಪಕ್ಕ 1 ಮೀಟರ್ ದೂರವನ್ನು ಗುರುತು ಮಾಡಿ, ಗಡಿಯಾರ ಹಿಡಿದು, ಪೂರ್ಣ ವೇಗದ ಓಟ ಆ ಲೆಕ್ಕಕ್ಕೆ ಹೊಂದುವವರೆಗೆ ಸಿವಿ 5ರ ಬೆಲೆಯನ್ನು ಇಳಿಸುತ್ತಾ ಬನ್ನಿ.