ಗೆಲುವಿನಲ್ಲೇ ನಿಲ್ಲಿಸಿದ್ದ ಕಥೆಯನ್ನು ಮತ್ತೆ ಬರೆದೆ

ಹಾಯಿಹಡಗಿನ ಕಾಲದ ಒಂದು ಕಥೆ ಬರೆಯಬೇಕು ಅಂತ ಕೂತಾಗ ನನ್ನ ತಲೆಯಲ್ಲಿದ್ದವನು ಥಾಮಸ್ ಕಾಕ್ರೇನ್. ಬ್ರಿಟಿಷ್ ನೌಕಾಪಡೆಯ ಸ್ಕಾಟಿಷ್ ಅಧಿಕಾರಿ. 1801ರಲ್ಲಿ ಅವನಿಗೆ 25 ವರ್ಷ. ಕೈಯಲ್ಲಿದ್ದದ್ದು ‘ಸ್ಪೀಡಿ’ ಅನ್ನೋ ಪುಟ್ಟ ಹಡಗು. 14 ಫಿರಂಗಿ, ಒಂದೊಂದರ ಗುಂಡು ಬರೀ 4 ಪೌಂಡ್. ಒಂದು ಪಕ್ಕದ ಏಳೂ ಫಿರಂಗಿಯ ಗುಂಡುಗಳನ್ನು ಕೋಟಿನ ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ ಅಂತ ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಲೆಕ್ಕ ಹಾಕಿದೆ. 28 ಪೌಂಡ್, ಅಂದರೆ ಹದಿಮೂರು ಕಿಲೋಗೆ ಸ್ವಲ್ಪ ಕಡಿಮೆ. ಅಷ್ಟು ಅಕ್ಕಿ ತೂಗಿ, ಎರಡು ಕೈಚೀಲಕ್ಕೆ ತುಂಬಿ, ಎರಡೂ ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ನಡೆದೆ. ಹೆಗಲು ಎಳೆಯಿತು, ಆದರೆ ನಡೆಯೋಕೆ ಆಯಿತು. ಇಷ್ಟೇ ಬಲ ಇಟ್ಟುಕೊಂಡು ಇವನು ಯುದ್ಧಕ್ಕೆ ಹೋದನಲ್ಲ! ಆ ಎಳೆತವೇ ನನ್ನ ಕಥೆಯ ಮೊದಲ ಪ್ಯಾರಾ ಆಯಿತು.

ಮೇ 6ರಂದು ಬಾರ್ಸಿಲೋನಾ ಹತ್ತಿರ ಅವನಿಗೆ ಸ್ಪೇನಿನ ‘ಎಲ್ ಗಾಮೋ’ ಎದುರಾಯಿತು. ಅದರಲ್ಲಿ 32 ಫಿರಂಗಿ, 319 ಜನ. ಇವನ ಕಡೆ 54. ಕಾಕ್ರೇನ್ ಅಮೆರಿಕದ ಬಾವುಟ ಹಾರಿಸಿ ಅವರನ್ನು ಗೊಂದಲಕ್ಕೆ ಕೆಡವಿದ. ಆಮೇಲೆ ದೊಡ್ಡ ಹಡಗಿನ ಮಗ್ಗುಲಿಗೇ ಅಂಟಿಕೊಂಡ. ಅವರ ಗುಂಡುಗಳು ಇವರ ತಲೆ ಮೇಲಿಂದ ಹಾದುಹೋದವು, ಇವರ ಚಿಕ್ಕ ಫಿರಂಗಿಗಳು ಕೆಳಗಿಂದ ಮೇಲಕ್ಕೆ ಹೊಡೆದವು. ಕೊನೆಗೆ ಚುಕ್ಕಾಣಿಗೆ ಡಾಕ್ಟರನ್ನು ನಿಲ್ಲಿಸಿ, ಉಳಿದವರೆಲ್ಲ ಶತ್ರುವಿನ ಹಡಗಿಗೆ ಹತ್ತಿದರು. ಆ ಗದ್ದಲದಲ್ಲೇ ಸ್ಪೇನಿನ ಬಾವುಟ ಇಳಿಸಲು ಒಬ್ಬನನ್ನು ಕಳಿಸಿದ. ಬಾವುಟ ಕೆಳಗೆ ಬಂದದ್ದು ನೋಡಿ, ತಾವು ಶರಣಾದೆವು ಅಂದುಕೊಂಡು ಅವರು ಆಯುಧ ಕೆಳಗಿಟ್ಟರು.

ನನ್ನ ಮೊದಲ ಕರಡು ಇಲ್ಲೇ ಮುಗಿದಿತ್ತು. ಓದಿದ ಗೆಳತಿ, “ಚೆನ್ನಾಗಿದೆ ಕಣೋ, ಆದರೆ ಇವನ ಬಗ್ಗೆ ನಂಗೆ ಭಯವೇ ಆಗಲಿಲ್ಲ” ಅಂದಳು. ಬೇಜಾರಾಯಿತು. ಆದರೆ ಅವಳ ಮಾತು ಸರಿ ಇತ್ತು. ಏನು ಮಾಡಿದರೂ ಗೆಲ್ಲುವವನ ಜೊತೆ ಓದುಗರು ಯಾಕೆ ಉಸಿರು ಬಿಗಿಹಿಡಿಯಬೇಕು, ಅಲ್ವಾ?

ಮತ್ತೆ ಆತ್ಮಕಥೆಗೇ ಹೋದೆ. ಎರಡು ತಿಂಗಳೊಳಗೆ, ಜುಲೈ 3ರಂದು ಅವನು ಸೆರೆ ಸಿಕ್ಕಿದ್ದಾನೆ. ಕಾರಣ ಓದಿ ಮೈ ಜುಮ್ ಅಂದಿತು. ಅಲಿಕಾಂಟೆ ಹತ್ತಿರ ಕೆಲವು ವ್ಯಾಪಾರಿ ಹಡಗುಗಳು ಇವನಿಗೆ ಹೆದರಿ ದಡಕ್ಕೆ ನುಗ್ಗಿದವು. ಹಿಡಿದು ತರೋಕೆ ತಡವಾಗುತ್ತೆ ಅಂತ ಬೆಂಕಿ ಹಚ್ಚಿದ. ಒಂದರಲ್ಲಿ ಎಣ್ಣೆ ತುಂಬಿತ್ತು. ಕತ್ತಲ ರಾತ್ರಿ, ಆಕಾಶವೆಲ್ಲ ಕೆಂಪು. ಆ ಬೆಳಕು ನೋಡಿ ಮೂರು ದೊಡ್ಡ ಫ್ರೆಂಚ್ ಯುದ್ಧಹಡಗುಗಳು ಬಂದವು. ಭಾರ ಇಳಿಸಲು ಫಿರಂಗಿಗಳನ್ನು ಸಮುದ್ರಕ್ಕೆ ಎಸೆದರೂ ತಪ್ಪಿಸಿಕೊಳ್ಳಲಾಗಲಿಲ್ಲ. ಶರಣಾಗಿ ಕತ್ತಿ ಒಪ್ಪಿಸಿದಾಗ, ಇಷ್ಟು ಹೋರಾಡಿದವನ ಕತ್ತಿ ಬೇಡ ಅಂತ ಫ್ರೆಂಚ್ ಕ್ಯಾಪ್ಟನ್ ಹಿಂದಕ್ಕೆ ಕೊಟ್ಟ.

ಮೇ ತಿಂಗಳಲ್ಲಿ ಗೆಲ್ಲಿಸಿದ್ದೂ ಆ ಅವಸರ, ಆ ನುಗ್ಗುವ ಗುಣವೇ. ಹಾಗಾಗಿ ತಪ್ಪಿಗೆ ಹೊಸ ಕಾರಣ ಹುಡುಕುವ ಕೆಲಸವೇ ಬರಲಿಲ್ಲ. ಗಾಮೋ ಕಾಳಗವನ್ನು ಅರ್ಧಕ್ಕೆ ಇಳಿಸಿದೆ. ಬೆಂಕಿಯ ರಾತ್ರಿಗೆ ನಾಲ್ಕು ಪುಟ ಕೊಟ್ಟೆ. ಡೆಕ್ ಮೇಲೆ ಒಬ್ಬ ಹುಡುಗನನ್ನು ತಂದೆ, ಅವನು ನನ್ನ ಕಲ್ಪನೆ. ಉರಿಯುವ ಎಣ್ಣೆ ನೋಡಿ ಎಲ್ಲರೂ ಕೇಕೆ ಹಾಕುತ್ತಿರುವಾಗ ಅವನೊಬ್ಬ ಮೆಲ್ಲಗೆ ಕೇಳುತ್ತಾನೆ: “ಸ್ವಾಮಿ, ಇದು ಎಷ್ಟು ದೂರದವರೆಗೆ ಕಾಣುತ್ತೆ?”