ಏಳು ಗುಡಿ ಬೇಡ, ಎರಡು ಸಾಕು: ತಂಜಾವೂರಿನಲ್ಲಿ ನಮ್ಮ ಒಂದು ದಿನ

ಫೋನಿನಲ್ಲಿ ಸಿಕ್ಕ ಟೂರ್‌ನವನು ಒಂದೇ ಉಸಿರಿಗೆ ಏಳು ಗುಡಿ, ಒಂದು ಅರಮನೆ, ಒಂದು ಸೀರೆ ಅಂಗಡಿ ಹೇಳಿ ಮುಗಿಸಿದ. "ಬೆಳಗ್ಗೆ ಏಳಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ವಾಪಸ್. ಎಲ್ಲಾ ಕವರ್ ಆಗುತ್ತೆ ಮೇಡಂ." ನನ್ನ ಜೊತೆ ಹೊರಟಿದ್ದವರು ಇಬ್ಬರು. ಒಬ್ಬರು ಎಪ್ಪತ್ತರ ಹತ್ತಿರದ ಅವ್ವ, ಎರಡೂ ಮಂಡಿ ನೋವು. ಇನ್ನೊಬ್ಬ ಹನ್ನೊಂದು ವರ್ಷದ ಮಗ, ಮೂರನೇ ಗುಡಿ ಹೊತ್ತಿಗೆ ಮುಖ ಊದಿಸಿಕೊಂಡು ಕೂರುವವನು. ಇವರಿಬ್ಬರನ್ನು ಕಟ್ಟಿಕೊಂಡು ಏಳು ಗುಡಿ? ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಆಮೇಲೆ ಒಂದು ಹಾಳೆ ತಗೊಂಡು ನಾನೇ ಲೆಕ್ಕ ಹಾಕಿದೆ. ತಂಜಾವೂರಿನ ದೊಡ್ಡ ಗುಡಿ ಅಂದರೆ ಬೃಹದೀಶ್ವರ, ಅಲ್ಲಿನ ಅರಮನೆ, ಕುಂಭಕೋಣದ ಪಕ್ಕದ ದಾರಾಸುರಂ ಗುಡಿ. ಅಷ್ಟೇ. ಚೋಳರ ಇನ್ನೊಂದು ದೊಡ್ಡ ಗುಡಿ ಇರುವ ಗಂಗೈಕೊಂಡಚೋಳಪುರವನ್ನು ಬರೆದು, ಹೊಡೆದು ಹಾಕಿದೆ. ಹೊಟ್ಟೆ ಉರಿಯಿತು ನಿಜ, ಆದರೆ ಅದು ಇನ್ನೂ ದೂರ. ಅಲ್ಲಿಗೆ ಹೋದರೆ ಉಳಿದ ಮೂರನ್ನೂ ಓಡೋಡಿ ನೋಡಬೇಕಿತ್ತು.

ಬೆಂಗಳೂರಿನಿಂದ ನಾವು ಹೋದದ್ದು ರಾತ್ರಿ ರೈಲಿನಲ್ಲಿ. ನಸುಕಿನಲ್ಲೇ ತಂಜಾವೂರಿನಲ್ಲಿ ಇಳಿಸುತ್ತದೆ. ಸ್ಟೇಷನ್ ಹತ್ತಿರದ ಒಂದು ಲಾಡ್ಜ್‌ನಲ್ಲಿ ರೂಮು ಹಿಡಿದು, ಸ್ನಾನ ಮಾಡಿ, ಆರೂವರೆಗೆಲ್ಲ ಗುಡಿ ಬಾಗಿಲಲ್ಲಿದ್ದೆವು. ಕಾರು ಮತ್ತು ಗೈಡ್ ಇಬ್ಬರನ್ನೂ ಬೇರೆ ಬೇರೆ ಗೊತ್ತು ಮಾಡಿದ್ದೆ. ಇದು ಸ್ವಲ್ಪ ರಗಳೆಯ ಕೆಲಸ. ಆದರೆ ಡ್ರೈವರೇ ಗೈಡ್ ಆದರೆ ಅರ್ಧ ದಿನ ಪಾರ್ಕಿಂಗ್ ಚಿಂತೆಯಲ್ಲೇ ಹೋಗುತ್ತದೆ, ಹಂಪಿಯಲ್ಲಿ ಅದನ್ನು ಅನುಭವಿಸಿದ್ದೇನೆ. ಲಾಡ್ಜ್‌ನವರ ಪರಿಚಯದಿಂದ ಸಿಕ್ಕ ಈ ಗೈಡ್ ಐವತ್ತು ದಾಟಿದವರು. ಕತ್ತಿನಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ, ಕೈಯಲ್ಲಿ ಒಂದು ಹಳೆಯ ಟಾರ್ಚು. ಹಿಂದೆ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಎಂಟು ವರ್ಷ ಕೆಲಸ ಮಾಡಿದ್ದರಂತೆ. ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

ದುಡ್ಡು, ಸಮಯ, ಊಟ, ಎಲ್ಲ ಹಿಂದಿನ ದಿನವೇ ಮಾತಾಡಿ ಮುಗಿಸಿದ್ದೆ. ಬೆಳಗ್ಗೆ ಹೇಳಲು ಉಳಿದಿದ್ದು ಎರಡೇ ಮಾತು. ಒಂದು, ಅಂಗಡಿಗೆ ಕರೆದುಕೊಂಡು ಹೋಗುವುದು ಬೇಡ. ಇನ್ನೊಂದು, ಅವ್ವ ಕೂತರೆ ನಾವೂ ಕೂರುತ್ತೇವೆ, ಅವಸರ ಮಾಡಬಾರದು. ಅವರು ತಲೆಯಾಡಿಸಿ "ಯಾವೂರು ಮೇಡಂ?" ಅಂದರು. ಅಭ್ಯಾಸಬಲ, "ಬೆಂಗಳೂರು" ಅಂದೆ.

ಅವ್ವ ನಡುವೆ ಬಾಯಿ ಹಾಕಿದಳು. "ಆಕಿ ಬೆಂಗಳೂರು. ನಂದು ಕಲ್ಯಾಣ. ಬಸವಕಲ್ಯಾಣ."

ಗೈಡ್ ಒಂದು ಕ್ಷಣ ಸುಮ್ಮನೆ ನಿಂತರು. "ಕಲ್ಯಾಣಪುರಮಾ ಅಮ್ಮ? ಬೀದರ್ ಹತ್ತಿರದ್ದಾ?" ಅವ್ವ ಹೂಂ ಅಂದಳು. "ಹಾಗಾದರೆ ಅರಮನೆಯಲ್ಲಿ ನಿಮಗೆ ಒಂದು ತೋರಿಸ್ತೀನಿ. ಈಗ ಕೇಳಬೇಡಿ" ಅಂದರು.

ದೊಡ್ಡ ಗುಡಿಗೆ ಹೋಗುವವರು ದಯವಿಟ್ಟು ಬೆಳಗ್ಗೆಯೇ ಹೋಗಿ. ಆ ಹೊತ್ತಿಗೆ ಕಲ್ಲು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ಅದು ಬೇರೆ ಮಾತು. ಮುಖ್ಯ ಕಾರಣ ಕಾಲು. ಹತ್ತು ಗಂಟೆ ಆಯಿತೆಂದರೆ ಅಂಗಳದ ಕಲ್ಲು ಹಂಚಿನ ಹಾಗೆ ಕಾಯುತ್ತದೆ. ನಾನು ಮೂರು ಜೊತೆ ದಪ್ಪ ಸಾಕ್ಸ್ ತಗೊಂಡು ಹೋಗಿದ್ದೆ. ಅವ್ವ ಮೊದಲು ನಕ್ಕಳು, ಒಂಬತ್ತೂವರೆಗೆ ತಾನೇ ಕೇಳಿ ಹಾಕಿಕೊಂಡಳು. ಒಂದು ಮಡಿಸುವ ಸ್ಟೂಲನ್ನೂ ಒಯ್ದಿದ್ದೆವು. ಇಡೀ ಪ್ರವಾಸದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ ಅನ್ನಬಹುದು.

ಮೊದಲ ಗೋಪುರದ ಹೆಸರು ಕೇರಳಾಂತಕನ್ ತಿರುವಾಸಲ್. ಕೇರಳದವರನ್ನು ಸೋಲಿಸಿದ್ದಕ್ಕೆ, ಈ ಗುಡಿ ಕಟ್ಟಿಸಿದ ರಾಜರಾಜ ಚೋಳನಿಗೆ ಬಂದ ಬಿರುದು ಅದು. "ಬಾಗಿಲಿಗೂ ಯುದ್ಧದ ಹೆಸರು ನೋಡಿ" ಅಂದರು ಗೈಡ್. ಒಳಗೆ ಹೋದರೆ ಎರಡನೇ ಗೋಪುರ, ನಂದಿ, ಆಮೇಲೆ ಆ ವಿಮಾನ, ಅಂದರೆ ಗರ್ಭಗುಡಿಯ ಮೇಲೆ ಎದ್ದ ಗೋಪುರ. 13 ಅಂತಸ್ತು, ಸುಮಾರು 216 ಅಡಿ, 1010ರಲ್ಲಿ ಮುಗಿದದ್ದು. ನಮ್ಮ ಕಡೆಯ ಗುಡಿಗಳಲ್ಲಿ ಕಣ್ಣು ಗೋಡೆಯ ಕೆತ್ತನೆ ಮೇಲೆ ನಿಲ್ಲುತ್ತದೆ. ಇಲ್ಲಿ ಕಣ್ಣು ನಿಲ್ಲುವುದೇ ಇಲ್ಲ, ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಕತ್ತು ನೋಯುತ್ತದೆ.

ಮಗ ಎಲ್ಲೋ ಓದಿಕೊಂಡು ಬಂದಿದ್ದ, ಈ ಗೋಪುರದ ನೆರಳು ನೆಲಕ್ಕೆ ಬೀಳುವುದಿಲ್ಲ ಅಂತ. ಗೈಡ್ ಏನೂ ಹೇಳಲಿಲ್ಲ. ಅವನ ಭುಜ ಹಿಡಿದು ಪಶ್ಚಿಮದ ಕಡೆಗೆ ತಿರುಗಿಸಿದರು. ಅಂಗಳದ ತುಂಬಾ ಉದ್ದಕ್ಕೆ ಬಿದ್ದಿತ್ತು ನೆರಳು. ಅದರೊಳಗೇ ನಾವು ನಿಂತಿದ್ದೆವು! "ಇದು ಯಾರದ್ದಪ್ಪ ಹಾಗಾದರೆ?" ಅಂದರು. ಈ ಮನುಷ್ಯನನ್ನು ನಂಬಬಹುದು ಅಂತ ನನಗೆ ಅನ್ನಿಸಿದ್ದು ಆಗಲೇ. ಪವಾಡ ಹೇಳಿ ಬಾಯಿ ಬಿಡಿಸುವ ಗೈಡ್‌ಗಳು ಬೇಕಾದಷ್ಟು ಸಿಗುತ್ತಾರೆ.

ಅವರು ನಮ್ಮನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಶಾಸನಗಳ ಮುಂದೆ. ವಿಮಾನದ ತಳದ ಸುತ್ತ ಸಾಲು ಸಾಲು ತಮಿಳು ಅಕ್ಷರ. ಯಾರು ಎಷ್ಟು ಚಿನ್ನ ಕೊಟ್ಟರು, ದೀಪಕ್ಕೆ ತುಪ್ಪ ಎಲ್ಲಿಂದ ಬರಬೇಕು, ಹೀಗೆ. ಇನ್ನೊಂದು ಶಾಸನದಲ್ಲಿ 400 ಜನ ನರ್ತಕಿಯರ ಹೆಸರು ಇದೆಯಂತೆ. ಒಬ್ಬೊಬ್ಬರ ಹೆಸರು, ಯಾವ ಊರಿನ ಗುಡಿಯಿಂದ ಬಂದವರು, ಯಾವ ಬೀದಿಯ ಯಾವ ಸಾಲಿನ ಎಷ್ಟನೇ ಮನೆ ಅನ್ನುವುದೂ ಸೇರಿ. ಸಾವಿರ ವರ್ಷದ ಹಿಂದಿನ ಮನೆ ನಂಬರು! ನಮ್ಮ ಲೇಔಟಿನ ಮನೆ ನಂಬರು ಎರಡು ಸಲ ಬದಲಾಗಿ, ಕೊರಿಯರ್‌ನವನು ಇವತ್ತಿಗೂ ಫೋನ್ ಮಾಡಿ ದಾರಿ ಕೇಳುತ್ತಾನೆ.

ರಾಜರಾಜನ ಮಾತು ಶುರುವಾಗುವ ಸಾಲನ್ನು ಗೈಡ್ ನಿಧಾನಕ್ಕೆ ಓದಿದರು. "ನಾಂ ಕುಡುತ್ತನವುಂ, ಅಕ್ಕನ್ ಕುಡುತ್ತನವುಂ..." ಅವ್ವ ತಟ್ಟನೆ, "ಅಕ್ಕ ಅಂದ್ರ ನಮ್ಮ ಅಕ್ಕನೇ ಏನ್ರಿ?" ಅಂದಳು. ಹೌದು, ಅದೇ ಅಕ್ಕ. ನಾವು ಕೊಟ್ಟದ್ದು, ಅಕ್ಕ ಕೊಟ್ಟದ್ದು, ನಮ್ಮ ಹೆಂಡಿರು ಕೊಟ್ಟದ್ದು, ಮತ್ತೆ ಕೊಟ್ಟವರು ಕೊಟ್ಟದ್ದು, ಎಲ್ಲವನ್ನೂ ಕಲ್ಲಲ್ಲಿ ಕೆತ್ತಿ ಅನ್ನುವುದು ರಾಜನ ಅಪ್ಪಣೆ. ಅಕ್ಕ ಅಂದರೆ ಕುಂದವೈ. ಹೆಂಡತಿಯರಿಗಿಂತ ಮೊದಲು ಅಕ್ಕನ ಹೆಸರು ಬಂದಿದೆ ಅನ್ನುವುದನ್ನು ಅವ್ವ ಬೆರಳು ಮಡಿಸಿ ಎಣಿಸಿ ಖಾತ್ರಿ ಮಾಡಿಕೊಂಡಳು. ಅವಳೂ ಮೂವರು ತಮ್ಮಂದಿರಿಗೆ ಅಕ್ಕ.

ತಿಂಡಿ ಮುಗಿಸಿ ಅರಮನೆಗೆ ಹೋದಾಗ ಹತ್ತೂವರೆ. ಮೈಸೂರು ಅರಮನೆಯನ್ನು ತಲೆಯಲ್ಲಿ ಇಟ್ಟುಕೊಂಡು ಹೋದರೆ ನಿರಾಸೆ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಸುಣ್ಣ ಉದುರಿದೆ, ಪಾರಿವಾಳಗಳ ಕಾಟ, ಒಂದೊಂದು ಭಾಗಕ್ಕೆ ಒಂದೊಂದು ಟಿಕೆಟ್. ತಂಜಾವೂರಿನ ನಾಯಕ ಅರಸರು ಕಟ್ಟಿಸಿದ್ದು, ಮರಾಠರು ಬೆಳೆಸಿದ್ದು. ಆ ಮರಾಠರು ಇಲ್ಲಿಗೆ ಹೋದದ್ದು ಬೆಂಗಳೂರಿನಿಂದ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಶಿವಾಜಿಯ ತಂದೆ ಶಹಾಜಿಗೆ ಬೆಂಗಳೂರು ಜಹಗೀರಾಗಿತ್ತು. ಅವನ ಇನ್ನೊಬ್ಬ ಮಗ ಏಕೋಜಿ. ಬಿಜಾಪುರದ ಸುಲ್ತಾನನ ಪರವಾಗಿ ಸೈನ್ಯ ತಗೊಂಡು ತಂಜಾವೂರಿಗೆ ಹೋದವನು, ಅಲ್ಲೇ ಸಿಂಹಾಸನ ಏರಿ ಕೂತ. ಅವನ ವಂಶದ ಆಳ್ವಿಕೆ 1855ರವರೆಗೆ ನಡೆಯಿತು. ಸಾಂಬಾರು ಹುಟ್ಟಿದ್ದೇ ಈ ಅರಮನೆಯ ಅಡುಗೆಮನೆಯಲ್ಲಿ ಅನ್ನುವ ಕಥೆಯನ್ನೂ ಗೈಡ್ ಹೇಳಿದರು. ಹೇಳಿ, "ಕಥೆ ಮೇಡಂ, ಶಾಸನ ಇಲ್ಲ" ಅಂತ ನಕ್ಕರು.

ಅವ್ವನಿಗೆ ಹಿಡಿಸಿದ ರಾಜ ಎರಡನೇ ಸರ್ಫೋಜಿ. ಅವನು ಕಣ್ಣಿನ ರೋಗಿಗಳಿಗೆ ಚಿಕಿತ್ಸೆ ಕೊಡಿಸಿ, ಒಬ್ಬೊಬ್ಬರ ಕಣ್ಣಿನ ಚಿತ್ರ ಬರೆಸಿ, ವಿವರ ದಾಖಲು ಮಾಡಿಸಿದ್ದನಂತೆ. ಆ ಹಾಳೆಗಳು ಸರಸ್ವತಿ ಮಹಲ್ ಗ್ರಂಥಾಲಯದಲ್ಲಿವೆ. ಅವ್ವನಿಗೆ ಪೊರೆ ತೆಗೆಸಿ ಇನ್ನೂ ವರ್ಷ ಆಗಿಲ್ಲ. "ಚೊಲೋ ಅರಸ" ಅಂತ ಸರ್ಟಿಫಿಕೇಟು ಕೊಟ್ಟಳು.

ಕಲಾ ಗ್ಯಾಲರಿಯಲ್ಲಿ ಜನ ಮುಗಿಬೀಳುವುದು ಕಂಚಿನ ವಿಗ್ರಹಗಳಿಗೆ. ತಿರುವೆಂಕಾಡಿನ ವೃಷಭವಾಹನ ಅಲ್ಲಿದ್ದಾನೆ, 1011ರದು. ತಲೆಗೆ ಹಾವುಗಳನ್ನೇ ರುಮಾಲಿನ ಹಾಗೆ ಸುತ್ತಿಕೊಂಡು, ಎತ್ತಿನ ಮೇಲೆ ಕೈಯೂರಿ ನಿಂತ ಶಿವ. ಎತ್ತು ಮಾತ್ರ ಇಲ್ಲ. ಕೈ ಗಾಳಿಯ ಮೇಲೆ ಒರಗಿದೆ, ಆದರೂ ಬೀಳುವ ಹಾಗೆ ಕಾಣುವುದಿಲ್ಲ. ಮಗ ಪಕ್ಕದಲ್ಲಿ ನಿಂತು ಹಾಗೇ ಒರಗಲು ನೋಡಿ ವಾಲಿದ.

ಗೈಡ್ ಅಲ್ಲಿ ಜಾಸ್ತಿ ಹೊತ್ತು ನಿಲ್ಲಿಸಲಿಲ್ಲ. ಕಲ್ಲಿನ ವಿಗ್ರಹಗಳ ಕಡೆ ಕರೆದುಕೊಂಡು ಹೋಗಿ ಒಬ್ಬ ದ್ವಾರಪಾಲಕನ ಮುಂದೆ ನಿಂತರು. ಕಪ್ಪು ಕಲ್ಲು, ದಪ್ಪ ಗದೆ. ಸುತ್ತಲಿನ ಚೋಳರ ವಿಗ್ರಹಗಳ ಜೊತೆ ಇವನು ಸೇರುವುದಿಲ್ಲ ಅಂತ ನನ್ನಂಥವಳಿಗೂ ಗೊತ್ತಾಗುತ್ತಿತ್ತು. ನೆಂಟರ ಮದುವೆಯಲ್ಲಿ ಪರಿಚಯ ಇಲ್ಲದ ಒಬ್ಬರು ಗೋಡೆಗೆ ನಿಂತಿರುತ್ತಾರಲ್ಲ, ಹಾಗೆ. ಗೈಡ್ ಟಾರ್ಚ್ ಹಾಕಿ ಪೀಠದ ಮೇಲಿನ ತಮಿಳು ಅಕ್ಷರ ತೋರಿಸಿದರು. ಅರ್ಥ ಇಷ್ಟು: ವಿಜಯರಾಜೇಂದ್ರ ದೇವರು ಕಲ್ಯಾಣಪುರವನ್ನು ಹಾಳುಗೆಡವಿ ತಂದ ದ್ವಾರಪಾಲಕ.

ಕಲ್ಯಾಣಪುರ ಅಂದರೆ ನಮ್ಮ ಕಲ್ಯಾಣ. ಚಾಲುಕ್ಯ ಒಂದನೇ ಸೋಮೇಶ್ವರನ ರಾಜಧಾನಿ. ರಾಜರಾಜನ ಮೊಮ್ಮಗ ರಾಜಾಧಿರಾಜ ಚೋಳ ಅದನ್ನು ಸುಟ್ಟು, ಗೆದ್ದ ನೆನಪಿಗೆ ವಿಜಯರಾಜೇಂದ್ರ ಅಂತ ಹೆಸರಿಟ್ಟುಕೊಂಡು, ಅರಮನೆಯದೋ ಗುಡಿಯದೋ ಬಾಗಿಲು ಕಾಯುತ್ತಿದ್ದ ಈ ಮನುಷ್ಯನನ್ನು ಎತ್ತಿಕೊಂಡು ಹೋದ. ಬಹಳ ವರ್ಷ ಇವನು ದಾರಾಸುರಂ ಗುಡಿಯಲ್ಲಿದ್ದ, ಆಮೇಲೆ ಇಲ್ಲಿಗೆ ಬಂದ. ರಾಜಾಧಿರಾಜನೂ ಉಳಿಯಲಿಲ್ಲ ಬಿಡಿ. 1054ರಲ್ಲಿ ಕೊಪ್ಪಂ ಎಂಬಲ್ಲಿ ಚಾಲುಕ್ಯರ ಜೊತೆ ಕಾದುತ್ತಾ ಆನೆಯ ಮೇಲೇ ಸತ್ತ. ತಮಿಳರು ಅವನನ್ನು ಆನೆಯ ಮೇಲೆ ಮಲಗಿದ ದೇವರು ಅಂತ ಕರೆದರು.

ಗೈಡ್ ಇದನ್ನೆಲ್ಲ ಹೇಳುವಾಗ ಸ್ವಲ್ಪ ಸಂಕೋಚದಲ್ಲಿದ್ದರು, ಅವರ ತಾತನೇ ಕದ್ದು ತಂದ ಹಾಗೆ. ಅವ್ವ ಸ್ಟೂಲ್ ಹಾಕಿಸಿಕೊಂಡು ಅವನ ಎದುರಿಗೆ ಕೂತಳು. ತುಂಬಾ ಹೊತ್ತು ನೋಡಿ, "ಇಷ್ಟ್ ದೂರ ಹೆಂಗ ತಂದ್ರೋ ಇಂವನ" ಅಂದಳು. ಮತ್ತೆ, "ಊಟಕ್ಕ ಏನ್ ಮಾಡಿದನೋ, ಇವರ ಊರಾಗ ಜೋಳದ ರೊಟ್ಟಿ ಎಲ್ಲಿ ಸಿಗತದ." ಗೈಡ್‌ಗೆ ಅರ್ಧ ಅರ್ಥವಾಯಿತು, ಪೂರ್ತಿ ನಕ್ಕರು.

ನಾನು "ಬೆಂಗಳೂರು" ಅಂತ ಹೇಳಿ ಸುಮ್ಮನಾಗಿದ್ದರೆ ಇವನನ್ನು ನೋಡದೆಯೇ ವಾಪಸ್ ಬರುತ್ತಿದ್ದೆವು. ಈಗ ಎಲ್ಲೇ ಹೋದರೂ ಗೈಡ್ ಜೊತೆ ಮೊದಲ ಹತ್ತು ನಿಮಿಷ ನಮ್ಮ ಊರು, ನಮ್ಮ ಮನೆ, ನಮಗೆ ಏನು ಇಷ್ಟ ಅಂತ ಮಾತಾಡಿಯೇ ಶುರು ಮಾಡುತ್ತೇನೆ. ಬಾಯಿಪಾಠ ಒಪ್ಪಿಸುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಊಟ ಬಾಳೆ ಎಲೆಯದು, ಚೆನ್ನಾಗಿತ್ತು. ಆಮೇಲೆ ಡ್ರೈವರ್ "ಎರಡೇ ನಿಮಿಷ" ಅಂತ ಕಾರನ್ನು ಒಂದು ಸೀರೆ ಅಂಗಡಿ ಮುಂದೆ ನಿಲ್ಲಿಸಿದ. ಬೇಡ ಅಂತ ಹೇಳಿದ್ದೆ ಗೈಡ್‌ಗೆ, ಡ್ರೈವರ್‌ಗೆ ಹೇಳಿರಲಿಲ್ಲ. ತಪ್ಪು ನನ್ನದೇ. ಎರಡು ನಿಮಿಷ ನಲವತ್ತು ನಿಮಿಷವಾಯಿತು, ಅವ್ವ ಒಂದು ಸೀರೆಯನ್ನೂ ತಗೊಂಡಳು. ಅದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ನಡೆಯುತ್ತಿದೆ.

ದಾರಾಸುರಂ ಸೇರಿದಾಗ ನಾಲ್ಕು ಗಂಟೆ. ಗರ್ಭಗುಡಿ ಮಧ್ಯಾಹ್ನ ಮುಚ್ಚಿರುತ್ತದೆ, ಹಾಗಾಗಿ ಬೇಗ ಹೋಗಿಯೂ ಲಾಭವಿಲ್ಲ. ಐರಾವತೇಶ್ವರ ಗುಡಿ, ಎರಡನೇ ರಾಜರಾಜ ಕಟ್ಟಿಸಿದ್ದು, 12ನೇ ಶತಮಾನ. ದೊಡ್ಡ ಗುಡಿ ನೋಡಿ ಇಲ್ಲಿಗೆ ಬಂದರೆ ಆನೆ ಬಿಟ್ಟು ಜಿಂಕೆ ನೋಡಿದ ಹಾಗೆ. ರಥದ ಆಕಾರದ ಮಂಟಪ, ಓಡುವ ಕುದುರೆ, ಚಕ್ರ. ಒಂದೇ ತಲೆಯನ್ನು ಹಂಚಿಕೊಂಡ ಎತ್ತು ಮತ್ತು ಆನೆ. ಒಂದು ಕಡೆ ಕೈ ಮುಚ್ಚಿದರೆ ಎತ್ತು, ಇನ್ನೊಂದು ಕಡೆ ಮುಚ್ಚಿದರೆ ಆನೆ. ಮಗನ ದಿನ ಅಲ್ಲಿ ಸಾರ್ಥಕವಾಯಿತು. ಬಾರಿಸಿದರೆ ಸ್ವರ ಹೊಮ್ಮುವ ಮೆಟ್ಟಿಲುಗಳಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಹಾಕಿದ್ದು ಒಳ್ಳೆಯದೇ, ಎಲ್ಲರೂ ಕಲ್ಲು ತಗೊಂಡು ಕುಟ್ಟಿದರೆ ಎಷ್ಟು ದಿನ ಉಳಿದೀತು?

ಗೋಡೆಯ ಕೆಳಗೆ ಗೇಣುದ್ದದ ಚಿಕ್ಕ ಚಿಕ್ಕ ಕೆತ್ತನೆಗಳ ಸಾಲಿದೆ. ಅರವತ್ತಮೂರು ಶಿವಭಕ್ತರ ಕಥೆ. ತಮಿಳಿನಲ್ಲಿ ನಾಯನ್ಮಾರರು, ನಮ್ಮಲ್ಲಿ ಅರವತ್ತಮೂವರು ಪುರಾತನರು. ಗೈಡ್ ಒಂದೊಂದನ್ನೇ ವಿವರಿಸುತ್ತಾ ಬಂದರು. ಒಂದು ಕಡೆ ಅವ್ವ ಅವರನ್ನು ತಡೆದು, "ಇದು ನಾ ಹೇಳತೀನ್ರಿ" ಅಂದಳು. ಕಣ್ಣು ಕಿತ್ತು ಶಿವನಿಗೆ ಕೊಡುತ್ತಿರುವ ಬೇಡರ ಕಣ್ಣಪ್ಪ. ಪೂರ್ತಿ ಕಥೆ ಹೇಳಿದಳು, ಗೈಡ್ ಕೈ ಕಟ್ಟಿಕೊಂಡು ಕೇಳಿದರು. ಅಷ್ಟು ಹೊತ್ತಿಗೆ ಪಕ್ಕದಲ್ಲಿದ್ದ ಇನ್ನೊಂದು ಗುಂಪಿನವರೂ, ಭಾಷೆ ಬರದಿದ್ದರೂ, ನಿಂತು ನೋಡುತ್ತಿದ್ದರು.

ನನಗೆ ಅಲ್ಲಿ ಕೂತಾಗ ಹೊಳೆದದ್ದು ಬೇರೆ. ಇಲ್ಲಿ ಕಲ್ಲುಕುಟಿಗರು ಈ ಸಾಲನ್ನು ಕೆತ್ತುತ್ತಿದ್ದ ಕಾಲವೂ, ಅಲ್ಲಿ ಕಲ್ಯಾಣದಲ್ಲಿ ಬಸವಣ್ಣ ದೇಹವೇ ದೇಗುಲ ಅನ್ನುತ್ತಿದ್ದ ಕಾಲವೂ ಹೆಚ್ಚು ಕಡಿಮೆ ಒಂದೇ. ಕಲ್ಲಿನ ಗುಡಿಯ ಬಗ್ಗೆ ಇಬ್ಬರದೂ ಎದುರುಬದುರು ದಾರಿ. ಆದರೆ ನೆನೆಸಿಕೊಂಡ ಭಕ್ತರು ಅವರೇ.

ಕುಂಭಕೋಣದಲ್ಲಿ ಹಿತ್ತಾಳೆ ಲೋಟದ ಡಿಗ್ರಿ ಕಾಫಿ ಕುಡಿದು, ಗೈಡ್‌ಗೆ ಒಪ್ಪಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಟ್ಟು, ಅಲ್ಲಿಂದಲೇ ರಾತ್ರಿ ರೈಲು ಹತ್ತಿದೆವು. ಬ್ಯಾಗುಗಳನ್ನು ಬೆಳಗ್ಗೆಯೇ ಡಿಕ್ಕಿಗೆ ಹಾಕಿದ್ದರಿಂದ ತಂಜಾವೂರಿಗೆ ವಾಪಸ್ ಹೋಗುವ ಕೆಲಸ ಉಳಿಯಿತು. ಮಗ ಕೂತಲ್ಲೇ ನಿದ್ದೆ ಹೋದ. ಅವ್ವ ಕಲ್ಯಾಣದಲ್ಲಿರುವ ಪಕ್ಕದ ಮನೆಯವರಿಗೆ ಫೋನ್ ಹಚ್ಚಿದಳು. 216 ಅಡಿ ಗೋಪುರದ ಸುದ್ದಿ ಇಲ್ಲ, ಸೀರೆಯ ಸುದ್ದಿಯೂ ಇಲ್ಲ. "ಕೇಳೇ ಇಲ್ಲಿ" ಅಂದಳು, "ನಮ್ಮೂರಾಂವ ಒಬ್ಬಾಂವ ಇಲ್ಲಿ ಅರಮನಿಯಾಗ ನಿಂತಾನ."